ಎರಡು ಕೀಲಿಯ ಬೀರು

ಭಯೋತ್ಪಾದಕರ ಕೈಗೆ ಅಣುವಸ್ತು ಸಿಗದಂತೆ ಕಾಯುವ ನೀತಿಯನ್ನು ಕುರಿತು ಮುಳಬಾಗಿಲಿನ ಮೇಧಾ ತನ್ನ ಎಂ.ಎ. ಪ್ರಬಂಧ ಬರೆದಳು. ಒಬ್ಬನೇ ತೆರೆಯದಂತೆ ಎರಡು ಕೀಲಿಗಳು ಇಬ್ಬರಲ್ಲಿರಬೇಕೆಂಬ ನಿಯಮಕ್ಕೆ, ಮಾತು ಬಿಟ್ಟ ದಾಯಾದಿಗಳಿಬ್ಬರು ಒಂದೊಂದು ಕೀಲಿ ಹಿಡಿದು ಕಾಯುವ ತನ್ನೂರ ದೇವರ ಒಡವೆಪೆಟ್ಟಿಗೆಯನ್ನು ಉದಾಹರಿಸಿದಳು.

“ಅಣುಬಾಂಬಿಗೂ ನಿಮ್ಮೂರ ಜಗಳಕ್ಕೂ ಏನಮ್ಮ ಸಂಬಂಧ? ಫಾರಿನ್ದು ಯಾವುದಾದ್ರೂ ಹಾಕು,” ಎಂದು ಪ್ರಾಧ್ಯಾಪಕ ಮುಕುಂದರು ಆ ಪುಟವನ್ನು ತೆಗೆಸಿ, ತಾವು ಸಹಿ ಮಾಡಿದ ಪ್ರತಿಯನ್ನು ಆಗ ತೆರೆದೇ ಇದ್ದ ವಿಭಾಗದ ಬೀರುವಿನಲ್ಲಿಟ್ಟರು.

ಸಲ್ಲಿಕೆಯ ಕೊನೆಯ ದಿನ ಮೇಧಾ ಅದನ್ನು ಕೇಳಿದಳು. ಬೀರುವಿಗೆ ಈಗ ಎರಡು ಬೀಗ ಬಿದ್ದಿದ್ದವು. ಒಂದರ ಕೀಲಿ ಮುಕುಂದರಲ್ಲಿ, ಇನ್ನೊಂದರದು ವಿಭಾಗದ ಮುಖ್ಯಸ್ಥರಲ್ಲಿ.

“ಅವರನ್ನ ನೀನೇ ಕೇಳಮ್ಮ. ನಾವಿಬ್ರೂ ಮಾತಾಡಿ ಮೂರು ವರ್ಷ ಆಯ್ತು,” ಎಂದರು ಮುಕುಂದರು.

“ಅವರೇ ಬಂದು ಕೇಳ್ಲಿ,” ಎಂದರು ಮುಖ್ಯಸ್ಥರು.

ಐದು ಗಂಟೆಗೆ ಅವಧಿ ಮುಗಿಯಿತು. ಪ್ರಬಂಧ ಪರಮ ಭದ್ರವಾಗಿತ್ತು.

“ಸಾರ್,” ಎಂದಳು ಮೇಧಾ, “ಮುಂದಿನ ವರ್ಷಕ್ಕೆ ಆ ಪುಟ ವಾಪಸ್ ಸೇರಿಸ್ಲಾ?”