ಒಂಬೈನೂರು ಸಸಿಗಳ ತಾಯಿತಂದೆ

"ಮತ್ತೆ ನಿಂತ್ಹೋಯ್ತು, ಪಿರೋಷ್ಕಕ್ಕ," ಎಂದು ತೋಟದ ಕಂಪ್ಯೂಟರು ನೋಡಿಕೊಳ್ಳುವ ಹುಡುಗ ವೆಂಡೆಲ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. "ಬ್ಯಾಕಪ್ಪೇ ಕೆಟ್ಟಿದೆ. ಇನ್ನು ನನ್ ಕೈಲಾಗಲ್ಲ."

ಪಿರೋಷ್ಕಾ ಪರದೆಯತ್ತ ಬಗ್ಗಿದಳು. ಟೀಸಾ ನದಿ ಪಕ್ಕದ ಈ ತೋಟದಲ್ಲಿ ಇಪ್ಪತ್ತಾರು ವರ್ಷದಿಂದ ಅವಳು ಮೆಣಸಿನಕಾಯಿ ತಳಿಗಳನ್ನು ಒಂದಕ್ಕೊಂದು ಬೆರೆಸಿ ಹೊಸ ತಳಿ ಮಾಡುತ್ತ ಬಂದಿದ್ದಳು. ಯಾವ ಗಿಡಕ್ಕೆ ಯಾವುದು ತಾಯಿ, ಯಾವುದು ತಂದೆ ಎಂಬುದೆಲ್ಲ ಕಂಪ್ಯೂಟರಿನಲ್ಲಿತ್ತು. ಹೋದ ವಾರ ಅದರ ಡಿಸ್ಕು ಕೈಕೊಟ್ಟಿತು. ಉಳಿದದ್ದು ಜಾಗ ಉಳಿಸಲೆಂದು ಕುಗ್ಗಿಸಿ ಕಟ್ಟಿಟ್ಟ ಬ್ಯಾಕಪ್ ಪ್ರತಿ ಮಾತ್ರ, ಅದರಲ್ಲಿ ವರ್ಷಕ್ಕೊಂದು ಫೈಲು. ಕಟ್ಟುವಾಗ ಪ್ರತಿ ಫೈಲಿನಲ್ಲಿದ್ದುದನ್ನು ಲೆಕ್ಕಹಾಕಿ ಬರೆದಿಟ್ಟ ಸಂಖ್ಯೆ ಈಗ ಬಿಚ್ಚುವಾಗ ತಾಳೆಯಾಗದೆ ಕೆಲಸ ನಡುವೆಯೇ ನಿಲ್ಲುತ್ತಿತ್ತು. ಹೊರಗೆ ಒಂಬೈನೂರು ಸಸಿಗಳು ಕೊರಳಿಗೆ ಬರೀ ನಂಬರು ಕಟ್ಟಿಕೊಂಡು ಕಾದಿದ್ದವು. ಮೇ ಮುಗಿಯುತ್ತ ಬಂದಿತ್ತು, ನಾಟಿ ಮುಂದೂಡುವಂತಿರಲಿಲ್ಲ. ಪಟ್ಟಿ ಸಿಗದಿದ್ದರೆ ಅವು ಯಾವ ಸಂತೆಯಲ್ಲೂ ಸಿಗುವ ಮೆಣಸಿನ ಗಿಡಗಳಷ್ಟೆ. ಅವಳ ಇಪ್ಪತ್ತಾರು ವರ್ಷ ನೀರಿಗೆ ಹೋದಂತೆ.

"ಎಲ್ಲಿ ನಿಂತ್ಕೊಳ್ತು?" ಎಂದಳು.

"ಎರಡು ಸಾವಿರದ ಮೂರನೇ ಇಸವಿ ಫೈಲಲ್ಲಿ."

"ನಿನ್ನೆ ಹನ್ನೊಂದನೇ ಇಸವಿ ತನಕ ಹೋಗಿತ್ತಲ್ಲೋ?"

"ಎಲ್ಲಿ ನಿಂತ್ರೇನಕ್ಕ, ನಿಂತಿದ್ದು ನಿಂತಿದ್ದೇ."

"ಅಂದ್ರೆ ಮೂರನೇ ಇಸವಿದು ನಿನ್ನೆ ಸರಿಯಿತ್ತು, ಇವತ್ತು ಕೆಟ್ಟಿತಾ? ಇನ್ನೊಂದ್ಸಲ ಬಿಚ್ಚು, ಮಾರಾಯ."

ಮೂರನೇ ಸಲ ಅದು ಹದಿನೇಳರಲ್ಲಿ ನಿಂತಿತು.

"ನೋಡು," ಎಂದಳು ಪಿರೋಷ್ಕಾ. "ರೋಗ ಗಿಡದಲ್ಲಿದ್ರೆ ಎಷ್ಟು ಸಲ ನೋಡಿದ್ರೂ ಅದೇ ಗಿಡದಲ್ಲಿ ಕಾಣತ್ತೆ. ಒಂದೊಂದ್ಸಲ ಒಂದೊಂದು ಗಿಡದಲ್ಲಿ ಕಂಡ್ರೆ ನಾನು ಕನ್ನಡಕ ಒರೆಸ್ಕೋತೀನಿ. ಇಲ್ಲಿ ನಿನ್ ಕನ್ನಡಕ ಯಾವುದು, ಹೇಳು."

ವೆಂಡೆಲ್ ಕಂಪ್ಯೂಟರಿನ ಪೆಟ್ಟಿಗೆಯತ್ತ ನೋಡಿದ. ಕಿವಿ ಕೆಂಪಾಯಿತು. ಹೊಸ ಡಿಸ್ಕು ಹಾಕುವಾಗ ಕಂಪ್ಯೂಟರು ಇನ್ನಷ್ಟು ಚುರುಕಾಗಲೆಂದು, ಗುಜರಿಗೆ ಹೊರಟಿದ್ದ ಹಳೇ ಯಂತ್ರದ ನೆನಪಿನ ಚಿಪ್ಪಾದ ರ‍್ಯಾಮ್ ಕಿತ್ತು ಇದಕ್ಕೆ ಸಿಕ್ಕಿಸಿದ್ದ. ಅದೇ ದೊಡ್ಡ ಸಾಹಸವೆಂದು ಮೂರು ದಿನ ಜಂಬ ಕೊಚ್ಚಿಕೊಂಡಿದ್ದ ಬೇರೆ.

"ಅಯ್ಯೋ ನನ್ ತಲೆ! ಓದೋ ಯಂತ್ರವೇ ತಪ್ಪು ಓದ್ತಿದೆ, ಅಕ್ಕ. ಬ್ಯಾಕಪ್ಪು ಸರಿಯಾಗೇ ಇರಬಹುದು."

"ಇರಬಹುದಾ?"

ಅವನು ಆ ರ‍್ಯಾಮ್ ಕಿತ್ತು, ಮತ್ತೆ ಶುರುಮಾಡಿದ. ಪರದೆಯ ಮೇಲೆ ಒಂದೊಂದೇ ವರ್ಷ ಸರಿ, ಸರಿ ಎಂದು ಇಳಿಯತೊಡಗಿತು. ಮೂರು ದಾಟಿತು, ಹನ್ನೊಂದು ದಾಟಿತು. ಹದಿನೇಳು ಬಂದಾಗ ಪಿರೋಷ್ಕಾ ಅವನ ಭುಜ ಹಿಡಿದಳು, ಕೊನೆಯ ವರ್ಷ ಮುಗಿಯುವ ತನಕ ಬಿಡಲಿಲ್ಲ. ಒಂದೇ ಒಂದು ತಪ್ಪಿಲ್ಲ. ಅವಳು ಹಾಗೇ ನೆಲದ ಮೇಲೆ ಕುಸಿದು ಕೂತು ನಕ್ಕಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಎಷ್ಟು ಹಗುರವಾಗಿತ್ತು ಜೀವ!

"ನಿನ್ ಚರ್ಮ ಸುಲೀತೀನಿ," ಎಂದಳು. "ಮೊದಲು ಪಟ್ಟಿ ಪ್ರಿಂಟ್ ಮಾಡು."

ಹೊಲದಂಚಿನಲ್ಲಿ ಪೆಟ್ಟಿಗೆಗಳ ಮೇಲೆ ಕೂತು ಉಪ್ಪಿನ ಬನ್ನು ತಿನ್ನುತ್ತಿದ್ದ ನಾಟಿ ಹೆಂಗಸರು ಅವಳು ಪಟ್ಟಿ ಹಿಡಿದು ಬರುವುದನ್ನು ಕಂಡು ಎದ್ದರು. ನೆಡುವವರಿಗೆ ಬೇಕಿದ್ದದ್ದು ಸಾಲಿನ ನಂಬರು ಮಾತ್ರ. ಆದರೂ ಪಿರೋಷ್ಕಾ ಪ್ರತಿ ಸಸಿಯ ಮುಂದೆ ನಿಂತು, ಇದರ ತಾಯಿ ಇಂಥದ್ದು, ತಂದೆ ಇಂಥದ್ದು ಎಂದು ಗಟ್ಟಿಯಾಗಿ ಓದತೊಡಗಿದಳು.

"ಒಂಬೈನೂರಕ್ಕೂ ಹೀಗೇ ಓದ್ತೀಯೇನೇ?" ಎಂದು ಮಂಡಿಯೂರಿದ್ದ ಮುದುಕಿ ಬೋರ್ಬಲಾ ಕೇಳಿದಳು.

"ಹೂಂ, ಒಂಬೈನೂರಕ್ಕೂ."

ಬೋರ್ಬಲಾ ಬುಡಕ್ಕೆ ಮಣ್ಣು ಒತ್ತಿ, ಮುಂದಿನ ಸಸಿಗೆ ಕೈ ಚಾಚಿದಳು.