ತೂಕದ ಬೆಳಿಗ್ಗೆ

ಹಾಸ್ಟೆಲಿನ ಬಚ್ಚಲುಮನೆಯಲ್ಲಿ ಬಿಸಿನೀರಿನ ನಲ್ಲಿಗಳನ್ನೆಲ್ಲ ತಿರುಗಿಸಿ, ಬಾಗಿಲ ಸಂದಿಗೆ ಟವೆಲ್ ತುರುಕಿದ್ದರು. ಒಳಗೆ ಹಬೆಯೋ ಹಬೆ. ಬೆವರಿ ತೂಕ ಇಳಿಯಲೆಂದು ಮೈಗೆ ಪ್ಲಾಸ್ಟಿಕ್ ಜಾಕೆಟ್ ಬಿಗಿದುಕೊಂಡು ಗುಬ್ಬಿ ನಿಂತಲ್ಲೇ ಜಿಗಿಯುತ್ತಿದ್ದಳು. ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಕುಸ್ತಿ ತಂಡಕ್ಕೆ ಅವಳು ಈ ವರ್ಷ ಬಂದವಳು. ಅವಳಿಗೆ ಗುಬ್ಬಿ ಅಂತ ಅಡ್ಡಹೆಸರಿಟ್ಟ ನಾಯಕಿಯೇ ಈಗ ಕಾವಲಿಗೆ ಕೂತಿದ್ದಳು.

"ಅಕ್ಕ, ತಲೆ ಬೋಳಿಸ್ಕೊಂಡ್ರೆ ಎಷ್ಟು ಕಮ್ಮಿ ಆಗ್ಬಹುದು?"

"ನಿನ್ನ ತಲೇಲಿ ತೂಕದ್ದು ಏನೂ ಇಲ್ಲ. ಸುಮ್ನೆ ಜಿಗಿ."

ಗುಬ್ಬಿ ನಕ್ಕಳು. ಒಡೆದ ತುಟಿಯಲ್ಲಿ ರಕ್ತ ಜಿನುಗಿತು.

ಒಂದೊಂದು ತೂಕದ ವಿಭಾಗಕ್ಕೆ ತಂಡದಿಂದ ಒಬ್ಬರೇ. ಐವತ್ತಮೂರು ಕಿಲೋ ನಾಯಕಿಯದು. ಅಲ್ಲಿ ಅವಳನ್ನು ಕೆಡವುವವರು ಇನ್ನೂ ಹುಟ್ಟಿರಲಿಲ್ಲ. ಹಾಗಾಗಿ ಐವತ್ತೆರಡು ಕಿಲೋ ಇದ್ದ ಗುಬ್ಬಿಗೆ ಕೆಳಗಿನ ಐವತ್ತೇ ಗತಿ. ಮೊನ್ನೆಯಿಂದ ಊಟವಿಲ್ಲ, ನಿನ್ನೆಯಿಂದ ನೀರೂ ಇಲ್ಲ. ಇದಕ್ಕೆ ತಂಡದವರು 'ಒಣಗುವುದು' ಎನ್ನುತ್ತಿದ್ದರು. ನಾಯಕಿಯೂ ಪ್ರತಿ ಪಂದ್ಯಕ್ಕೆ ಒಣಗಿಯೇ ಐವತ್ತಮೂರಕ್ಕೆ ಇಳಿಯುತ್ತಿದ್ದಳು, ಅದು ಅವಳಿಗೊಂದು ಹೆಮ್ಮೆ. ಮೇಲಿನ ಐವತ್ತೇಳಕ್ಕೆ ಮಾತ್ರ ತಂಡದಿಂದ ಯಾರೂ ಇರಲಿಲ್ಲ. ಅಲ್ಲಿ ಬೇರೆ ವಿಶ್ವವಿದ್ಯಾಲಯದ ಚಾಂಪಿಯನ್ ಒಬ್ಬಳಿದ್ದಳು, ಗೋಡೆಯಂಥ ಹುಡುಗಿ.

"ಬಾಯಿ ಮುಕ್ಕಳಿಸ್ಲಾ ಅಕ್ಕ?"

"ಮುಕ್ಕಳಿಸು. ನುಂಗ್ಬೇಡ."

ಗುಬ್ಬಿ ನೀರನ್ನು ಬಾಯಲ್ಲಿ ತುಸು ಹೊತ್ತು ಇಟ್ಟುಕೊಂಡು, ಹೇಳಿದಂತೆ ಉಗಿದಳು. ಮರುಕ್ಷಣ ಮೀನಖಂಡ ಹಿಡಿದುಕೊಂಡು ಕುಸಿದು, ಬಿಕ್ಕಿಬಿಕ್ಕಿ ಅಳತೊಡಗಿದಳು. ನಾಯಕಿ ಅವಳ ಮುಖ ಒರೆಸಿ ಎತ್ತಿ ನೋಡಿದಳು. ಅಳು ನಿಂತಿರಲಿಲ್ಲ, ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಅಯ್ಯೋ, ಈ ಹುಡುಗಿಗೆ ಅಳೋಕೂ ನೀರು ಉಳಿದಿಲ್ಲವಲ್ಲ! ನಾಯಕಿ ನಲ್ಲಿಗಳನ್ನು ನಿಲ್ಲಿಸಿದಳು. ಟವೆಲ್ ಕಿತ್ತೆಸೆದು ಬಾಗಿಲು ತೆರೆದಳು.

ಕೋಚ್ ಹೊರಗೇ ನಿಂತಿದ್ದರು. "ಇನ್ನೂ ಸ್ವಲ್ಪ ಇಳೀಬೇಕಲ್ಲಮ್ಮ, ಯಾಕೆ ಬಂದ್ರಿ?"

"ಅವಳ ಕೈಲಿ ಆಗಲ್ಲ ಸರ್. ಇದು ತಪ್ಪು."

"ನಂಗೇನು ಖುಷೀನಾ? ಈ ಸಲ ಮೆಡಲ್ ಬರದಿದ್ರೆ ಹೆಣ್ಮಕ್ಕಳ ಟೀಮೇ ಮುಚ್ತೀವಿ ಅಂತ ಯೂನಿವರ್ಸಿಟಿಯವರು ಅಂದಿದಾರೆ. ಆಮೇಲೆ ಎಲ್ಲಿಗೆ ಹೋಗ್ತೀರಿ?"

"ಮೆಡಲ್ ಬರುತ್ತೆ ಸರ್. ಐವತ್ತಮೂರಕ್ಕೆ ಗುಬ್ಬಿ ನಿಲ್ಲಲಿ. ನಾನು ಐವತ್ತೇಳಕ್ಕೆ ಹೋಗ್ತೀನಿ."

"ತಲೆ ನೆಟ್ಟಗಿದೆಯಾ? ನಿನ್ನ ಕೊನೇ ವರ್ಷ. ಕೈಗೆ ಬಂದ ಚಿನ್ನ ಬಿಟ್ಟುಕೊಡ್ತೀಯಾ? ಅಲ್ಲಿ ಯಾರಿದಾಳೆ ಗೊತ್ತು ತಾನೆ?"

"ಗೊತ್ತು. ನಾನ್ಯಾರು ಅಂತ ಅವಳಿಗೂ ಗೊತ್ತಾಗ್ಲಿ ಬಿಡಿ."

ಕೋಚ್ ಒಪ್ಪಲಿಲ್ಲ.

ವಿಭಾಗ ಬದಲಿಸಲು ತೂಕಕ್ಕೆ ನಿಲ್ಲುವವರೆಗೂ ಅವಕಾಶವಿತ್ತು. ತೂಕದ ಯಂತ್ರದ ಮುಂದೆ, ತುಟಿ ಒಣಗಿಸಿಕೊಂಡು ಸಾಲಾಗಿ ನಿಂತ ಹುಡುಗಿಯರೆಲ್ಲ ನೋಡುತ್ತಿದ್ದಂತೆ, ನಾಯಕಿ ನೀರಿನ ಬಾಟಲಿ ತೆರೆದು ಗಟಗಟ ಕುಡಿದಳು. ಸಾಲಿನಲ್ಲಿ ಯಾರೋ "ಅಯ್ಯಯ್ಯೋ" ಎಂದರು.

ಕೋಚ್ ಓಡಿಬಂದರು. "ಏನೇ ಇದು? ಇನ್ನು ಐವತ್ತಮೂರು ದಾಟಿತಲ್ಲ! ಐವತ್ತೇಳಕ್ಕೆ ನಿಲ್ಲೋದಾದ್ರೂ ನೀರು ಕುಡಿದು ತೂಕ ಏರಿಸ್ಬೇಕಾಗಿಲ್ಲ!"

"ತೂಕಕ್ಕಲ್ಲ ಸರ್. ಬಾಯಾರಿಕೆ ಆಗಿತ್ತು. ನಾಲ್ಕು ವರ್ಷದಿಂದ."

ಕೋಚ್ ಅವಳನ್ನೇ ನೋಡಿದರು. ಆಮೇಲೆ ಹೆಸರು ಬರೆದುಕೊಳ್ಳುವವರ ಮೇಜಿನ ಬಳಿ ಹೋಗಿ ಇಬ್ಬರ ವಿಭಾಗ ಬದಲಿಸಿ ಬಂದು, ತಮ್ಮ ಬಾಟಲಿಯ ಮುಚ್ಚಳ ತೆಗೆದು ಗುಬ್ಬಿಯ ಕೈಗಿಟ್ಟರು.

ಗುಬ್ಬಿ ಒಂದು ಗುಟುಕು ಬಾಯಿಗೆ ತುಂಬಿಕೊಂಡಳು. ಕೆನ್ನೆ ಉಬ್ಬಿಸಿಕೊಂಡೇ ನಾಯಕಿಯ ಕಡೆ ತಿರುಗಿ, ಉಗಿಯಲು ಜಾಗ ಎಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದಳು.

"ನುಂಗೇ ಹುಚ್ಚಿ," ಎಂದಳು ನಾಯಕಿ, "ನುಂಗು."