ಮೋಡದವನ ಮಾತು

"ಸ್ಪೀಕರಿಗೆ ಹಾಕು, ನಾವೂ ಕೇಳ್ತೀವಿ," ಎಂದು ಗೆಳೆಯ ಯಾರುಬ್ ಹೇಳುವಷ್ಟರಲ್ಲಿ ನಬ್ಹಾನ್ ಹಾಕಿಯೇ ಬಿಟ್ಟಿದ್ದ. ಅಂಗೈಯಲ್ಲಿದ್ದ ಫೋನಿನಿಂದ ಗನಿಯಾಳ ದನಿ ಏದುಸಿರಿನ ಜೊತೆ ಹೊರಗೆ ಬಂತು.

"ನಬ್ಹಾನ್, ನಿನ್ನ ಮೆಸೇಜು ಪಕ್ಕದ ಮನೆಯವರು ಕೇಳಿಸಿದ್ರು. ನಿಜವಾಗ್ಲೂ ಮೋಡ ನಮ್ಮ ಕಡೆಗೇ ಬರ್ತಿದೆಯಾ? ಖರ್ಜೂರ ಬೇಯಿಸಿ ನಿನ್ನೆ ತಾನೇ ಬಿಸಿಲಿಗೆ ಹರಡಿದ್ದು. ಇನ್ನೂ ಹಸಿಹಸಿ ಇದೆ. ಈಗ ಬಾಚಿ ಚೀಲಕ್ಕೆ ತುಂಬಿದ್ರೆ ಹುಳಿ ಹಿಡಿಯುತ್ತೆ. ಹಾಗೇ ಬಿಟ್ಟು ಮಳೆ ಬಿದ್ರೆ ಕಪ್ಪಾಗಿ ಹೋಗುತ್ತೆ. ಏನು ಮಾಡ್ಲಿ, ನೀನೇ ಹೇಳು."

ಸಹಮ್ ಊರಿನ ಹೊರಗೆ, ಹೆದ್ದಾರಿಯ ಆಚೆ, ಜಲ್ಲಿ ತೆಗೆದು ಉಳಿದ ದಿಬ್ಬದ ಮೇಲೆ ಏಳೆಂಟು ಗಾಡಿಗಳು ನಿಂತಿದ್ದವು. ಕ್ಯಾಮೆರಾಗಳೆಲ್ಲ ಪಶ್ಚಿಮಕ್ಕೆ ಬೆಟ್ಟದ ಕಡೆ ಮುಖ ಮಾಡಿದ್ದವು. ಅಲ್ಲಿ ಮೋಡ ಗೋಡೆಯಂತೆ ಎದ್ದು ನಿಂತಿತ್ತು. ಮಸ್ಕತ್‌ನಿಂದ ಅಷ್ಟು ದೂರ ಗಾಡಿ ಓಡಿಸಿಕೊಂಡು ಬಂದಿದ್ದ ಇಬ್ಬರು ಯುವಕರು ಚಹಾದ ಲೋಟ ಹಿಡಿದು ನಬ್ಹಾನನ ಬಾಯನ್ನೇ ನೋಡುತ್ತಿದ್ದರು. ಎಲ್ಲರೂ ನೋಡುತ್ತಿದ್ದರು. ಆ ಮೋಡ ಬರುವುದಿಲ್ಲವೆಂದು ನಬ್ಹಾನನಿಗೆ ಆಗಲೇ ಗೊತ್ತಿತ್ತು.

"ಎತ್ತಿಬಿಡು ಗನಿಯಾ," ಎಂದ. "ತಡ ಮಾಡ್ಬೇಡ."

"ಸರಿ. ನೀನು ಹೇಳಿದ್ಮೇಲೆ ಮುಗೀತು." ಫೋನು ಕಟ್ಟಾಯಿತು.

ನಬ್ಹಾನ್ ಬಂದರಿನಲ್ಲಿ ಕ್ರೇನ್ ನಡೆಸುವವನು. ಆದರೆ ಊರಿಗೆ ಅವನು ಮೋಡದವನು. ಬೇಸಿಗೆ ಬಂತೆಂದರೆ ನಮ್ಮ ಬೆಟ್ಟಗಳ ಮೇಲೆ ಮಧ್ಯಾಹ್ನದ ಹೊತ್ತಿಗೆ ಗುಡುಗಿನ ಮೋಡ ಏಳುತ್ತದೆ. ಅದು ಬೆಟ್ಟದಲ್ಲೇ ಸುರಿದು ಮುಗಿಯುತ್ತದೋ, ಕರಾವಳಿಗೆ ಇಳಿಯುತ್ತದೋ ಎಂಬುದು ಇಲ್ಲಿ ಎಷ್ಟೋ ಜನರಿಗೆ ಕುದುರೆ ಜೂಜಿಗಿಂತ ದೊಡ್ಡ ಹುಚ್ಚು. ಕಡಲ ಗಾಳಿ ಬಲವಾಗಿ ಬೀಸಿದರೆ ಮೋಡದ ಬುಡವೇ ಕತ್ತರಿಸಿ ಹೋಗುತ್ತದೆ. ಆ ಗಾಳಿಯ ಲೆಕ್ಕ ಹಿಡಿದು ಹೇಳುವುದರಲ್ಲಿ ನಬ್ಹಾನನಿಗೆ ಸಮನಾದವನು ಈ ಕಡೆ ಇರಲಿಲ್ಲ. ಅವನ ವಾಟ್ಸಾಪ್ ಗುಂಪಿಗೆ ಸೇರಲು ಜನ ಶಿಫಾರಸು ಹಿಡಿದು ಬರುತ್ತಿದ್ದ ಕಾಲವಿತ್ತು.

ಈ ವರ್ಷ ಮಾತ್ರ ಅದೃಷ್ಟ ಕೈಕೊಟ್ಟಿತ್ತು. ಮೋಡವೇ ಇಲ್ಲ. 'ಇವತ್ತೂ ಏನಿಲ್ಲ' ಎಂದು ದಿನಾ ಬರೆದು ಬರೆದು ಅವನಿಗೇ ಬೇಸರ ಹತ್ತಿತ್ತು. ಜನ ಒಬ್ಬೊಬ್ಬರಾಗಿ ಪಕ್ಕದ ಸೋಹಾರದ ಇನ್ನೊಬ್ಬನ ಗುಂಪಿಗೆ ಜಾರುತ್ತಿದ್ದರು. ಆ ಸೋಹಾರದವನು ಒಂದು ತುಂಡು ಮೋಡ ಕಂಡರೂ ಪ್ರಳಯವೆಂದು ಬರೆಯುವವನು. ಇಂದು ಬೆಟ್ಟದ ಮೇಲೆ ಮೋಡ ಎದ್ದಾಗ ನಬ್ಹಾನ್ ಉಪಗ್ರಹದ ಚಿತ್ರ ನೋಡಿದ. ಕಡಲ ಗಾಳಿ ಬೆಳಗಿನಿಂದಲೇ ಒಳನಾಡಿಗೆ ನುಗ್ಗಿತ್ತು. 'ಕರಾವಳಿಗೆ ಬರುವುದು ಅನುಮಾನ' ಎಂದು ಬರೆದ. ಕಳಿಸುವ ಮೊದಲೇ ಅಳಿಸಿದ. ಮೋಡದ ಸುದ್ದಿ ಕೇಳಿ ಮಸ್ಕತ್‌ನಿಂದ ಹೊರಟವರು ಆಗಲೇ ಅರ್ಧ ದಾರಿಯಲ್ಲಿದ್ದರು, ಎಷ್ಟೋ ವಾರಗಳ ನಂತರ ಗುಂಪಿನಲ್ಲಿ ಎಲ್ಲರೂ ಎಚ್ಚರಾಗಿದ್ದರು. ಕೊನೆಗೆ ಧ್ವನಿ ಮುದ್ರಿಸಿ ಕಳಿಸಿದ: ಸಂಜೆಯೊಳಗೆ ಸಹಮ್ ಕಡೆ ಜೋರು ಮಳೆ, ಗಾಡಿಗಳನ್ನು ಹಳ್ಳದಿಂದ ಮೇಲಕ್ಕೆ ತೆಗೆಯಿರಿ, ಖರ್ಜೂರ ಹರಡಿದವರು ಎತ್ತಿಡಿ.

ಖರ್ಜೂರದ ಮಾತು ಯಾಕೆ ಸೇರಿಸಿದೆನೆಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡ. ಮಾತಿಗೆ ಗತ್ತು ಬರುತ್ತದೆ ಅಂತ, ಅಷ್ಟೇ. ಬೇಯಿಸಿ ಒಣಗಿಸುವವರು ಈ ಕಡೆ ಈಗ ಎರಡು ಮೂರು ಮನೆಯವರು ಮಾತ್ರ, ಉಳಿದವರೆಲ್ಲ ಹಣ್ಣನ್ನೇ ಮಾರಿಬಿಡುತ್ತಾರೆ. ಆ ಎರಡು ಮೂರು ಮನೆಗಳಲ್ಲಿ ಗನಿಯಾಳದೂ ಒಂದು ಎಂಬುದು ಆ ಗಳಿಗೆಯಲ್ಲಿ ಅವನ ತಲೆಗೆ ಹೊಳೆಯಲೇ ಇಲ್ಲ.

ಗನಿಯಾ ಅವನಿಗೆ ಹಾಲಿನ ತಂಗಿ. ನಬ್ಹಾನನ ತಾಯಿ ಹೆರಿಗೆಯಾಗಿ ಜ್ವರದಲ್ಲಿ ಬಿದ್ದಾಗ ಅವನಿಗೆ ಹಾಲೂಡಿಸಿದವಳು ಗನಿಯಾಳ ತಾಯಿ. ಒಂದೇ ಎದೆಯ ಹಾಲು ಕುಡಿದವರು ನಮ್ಮಲ್ಲಿ ಒಡಹುಟ್ಟಿದವರೇ. ಅವನೆದುರು ಅವಳಿಗೆ ಮುಸುಕಿನ ಮರೆಯಿಲ್ಲ, ಅವಳ ಮನೆಯ ಬಾಗಿಲು ಅವನು ತಟ್ಟಬೇಕಾಗಿಲ್ಲ. ಅವಳ ಗಂಡ ಅಝ್ಝಾನ್ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳ ಪಾಲಿನ ಖರ್ಜೂರದ ತೋಟಕ್ಕೆ ಈಗ ಅಝ್ಝಾನನ ಅಣ್ಣ ಸುವೈದನೇ ಯಜಮಾನ. ತೋಟ ರಸ್ತೆಯ ಪಕ್ಕದ್ದು; ಮರ ತೆಗೆದು ಅಂಗಡಿ ಸಾಲು ಕಟ್ಟಿಸಿದರೆ ಮಕ್ಕಳಿಗೆ ಒಳ್ಳೆಯದು ಎಂಬುದು ಅವನ ಲೆಕ್ಕ. ಗನಿಯಾ ಕಾಡಿ ಬೇಡಿ ಒಂದು ಬೇಸಿಗೆ ಕೇಳಿ ಪಡೆದಿದ್ದಳು. ಈ ಬೆಳೆಯನ್ನು ತಾನೇ ಕೊಯ್ಯಿಸಿ, ಬೇಯಿಸಿ, ಒಣಗಿಸಿ ಕೊಟ್ಟರೆ ತೋಟ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಇದು ನಬ್ಹಾನನಿಗೂ ಗೊತ್ತಿತ್ತು.

ಸಂಜೆಯಾಗುವ ಮೊದಲು ಮೋಡ ಬೆಟ್ಟದಿಂದ ಸ್ವಲ್ಪ ಇಳಿಯಿತು. ದಿಬ್ಬದ ಮೇಲಿದ್ದವರೆಲ್ಲ ಎದ್ದು ನಿಂತರು. ಒಂದು ಸಲ ಗುಡುಗಿತು, ಅದೂ ದೂರದಲ್ಲಿ, ಮನಸ್ಸಿಲ್ಲದ ಮನಸ್ಸಿನಿಂದ. ಆಮೇಲೆ ಧೂಳಿನ ಗಾಳಿ ನುಗ್ಗಿತು. ಎಲ್ಲರ ಬಾಯಿಗೆ ಮಣ್ಣು, ಚಹಾಕ್ಕೆ ಮಣ್ಣು, ಯಾರುಬ್‌ನ ಟೋಪಿ ಹಾರಿ ಮುಳ್ಳಿನ ಗಿಡಕ್ಕೆ ಸಿಕ್ಕಿತು. ಗಾಡಿಗಳ ಗಾಜಿನ ಮೇಲೆ ಅಲ್ಲೊಂದು ಇಲ್ಲೊಂದು ಹನಿ ಬಿದ್ದು ಧೂಳಿನಲ್ಲಿ ಚುಕ್ಕಿ ಮೂಡಿಸಿತು. ಕಣ್ಣು ಉಜ್ಜಿಕೊಂಡು ನೋಡಿದರೆ ಮೋಡ ಹರಿದ ಹತ್ತಿಯಾಗಿತ್ತು, ಅದರ ಹಿಂದೆ ಸೂರ್ಯ ಆರಾಮಾಗಿ ಕೂತಿದ್ದ.

ಯಾರುಬ್ ಗಾಜಿನ ಮೇಲಿನ ಹನಿಗಳನ್ನು ಬಗ್ಗಿ ನೋಡಿದ. "ಒರೆಸಬೇಡ್ರಪ್ಪ, ಮುಂದಿನ ವರ್ಷದವರೆಗೆ ಇಟ್ಕೊಳ್ಳೋಣ," ಎಂದ.

"ನಾನು ಮಸ್ಕತ್‌ನಿಂದ ಬರುವಾಗ ಗಾಡಿ ತೊಳೆಸಿದ್ದೆ," ಎಂದ ಮಸ್ಕತ್‌ನವರಲ್ಲಿ ಒಬ್ಬ.

"ಅದಕ್ಕೇ ಮಳೆ ಬರಲಿಲ್ಲ. ಇಲ್ಲ ಅಂದ್ರೆ ನಮ್ಮ ನಬ್ಹಾನನ ಮಾತು ತಪ್ಪೋದುಂಟಾ?" ಯಾರುಬ್ ನಬ್ಹಾನನ ಹೆಗಲ ಮೇಲೆ ಕೈಹಾಕಿದ. "ಗುರುವೇ, ಗಾಡಿ ಎತ್ತರಕ್ಕೆ ತಗೊಂಡು ಹೋಗಿ ಅಂದ್ಯಲ್ಲ, ಇಳಿಸಬಹುದಾ ಈಗ? ಹಳ್ಳ ತುಂಬಿ ಹರೀತಿದೆಯೇನೋ ಅಂತ ಭಯ ನಂಗೆ."

ಎಲ್ಲರೂ ನಕ್ಕರು. ನಬ್ಹಾನನೂ ನಕ್ಕ. ಗುಂಪಿನಲ್ಲಿ ಗೇಲಿಯ ಸಂದೇಶಗಳು ಸುರಿಯಲು ಶುರುವಾದವು; ಮಳೆಗಿಂತ ಅವೇ ಜೋರಾಗಿದ್ದವು. ಯಾರೋ ಒಣಗಿದ ಹಳ್ಳದಲ್ಲಿ ದೋಣಿ ನಿಲ್ಲಿಸಿದ ಚಿತ್ರ ಹಾಕಿದ. ನಬ್ಹಾನ್ ಫೋನಿನ ಸದ್ದು ಅಡಗಿಸಿ ಜೇಬಿಗೆ ಹಾಕಿಕೊಂಡ. ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆಂದು ಕಡಲ ದಂಡೆಗೆ ಕರೆದೊಯ್ದು ಸುಟ್ಟ ಮೀನು ತಿನ್ನಿಸಿದ. ತಿನ್ನುವಾಗ ಎರಡು ಸಲ ಗನಿಯಾಳ ನೆನಪಾಯಿತು. ಮೋಡ ಹೋಯಿತೆಂದು ಒಂದು ಫೋನು ಮಾಡಬೇಕು ಅಂದುಕೊಂಡ. ಆದರೆ ಮಾಡಿದರೆ ತಪ್ಪಾಯಿತೆಂದು ಹೇಳಬೇಕಾಗುತ್ತಿತ್ತು. ಆಕಾಶ ನೋಡಿದರೆ ಅವಳಿಗೇ ತಿಳಿಯುತ್ತದೆ ಎಂದು ಸಮಾಧಾನ ಹೇಳಿಕೊಂಡ.

ಬೆಳಿಗ್ಗೆ ಫೋನು ತೆಗೆದಾಗ ಗೇಲಿಯ ಸಂದೇಶಗಳ ನಡುವೆ ಗನಿಯಾಳ ಕರೆಗಳು ಕಂಡವು. ಮುಖ ತೊಳೆದವನೇ ಹೊರಟ.

ತೋಟದ ಬೇಲಿ ದಾಟುತ್ತಿದ್ದಂತೆ ವಾಸನೆ ಬಡಿಯಿತು. ಸಿಹಿ ಕೆಟ್ಟು ಹುಳಿಯಾದ, ಹೆಂಡದಂಥ ವಾಸನೆ. ಗನಿಯಾ ಮತ್ತು ಅವಳ ಹೆಣ್ಣುಮಕ್ಕಳು ಉಗ್ರಾಣದಿಂದ ಚೀಲಗಳನ್ನು ಎಳೆದು ಅಂಗಳದಲ್ಲಿ ಸುರಿಯುತ್ತಿದ್ದರು. ನಿನ್ನೆ ಬಂಗಾರದ ಬಣ್ಣಕ್ಕಿದ್ದ ಖರ್ಜೂರ ಇಂದು ಮುದ್ದೆಮುದ್ದೆಯಾಗಿ ಅಂಟಿಕೊಂಡಿತ್ತು, ನಡುನಡುವೆ ನೊರೆ. ನೊಣಗಳು ಆಗಲೇ ಬಂದಿದ್ದವು.

"ನಿನ್ನೆ ಫೋನ್ ಮಾಡ್ದೆ," ಎಂದಳು ಗನಿಯಾ, ಬೆನ್ನು ನೇರ ಮಾಡಿ. "ಮತ್ತೆ ಹರಡಬಹುದಾ ಅಂತ ಕೇಳೋಕೆ."

"ಚಾರ್ಜ್ ಹೋಗಿತ್ತು."

"ಹಾಗೇ ಅಂದ್ಕೊಂಡೆ. ಮೋಡ ಚೆದುರಿದ್ದು ನೋಡಿದೆ. ಆದ್ರೆ ಒಂದು ಹೋಗಿ ಇನ್ನೊಂದು ಬರುತ್ತೆ ಅಂತ ನೀನೇ ಹೇಳ್ತಿದ್ಯಲ್ಲ. ಮುಗೀತು ಅಂತ ನಿನ್ನ ಬಾಯಿಂದ ಬರ್ಲಿ ಅಂತ ಕಾದೆ. ಬಾಗಿಲು ಹಾಕಿದ ಕೋಣೆ, ಆ ಸೆಕೆ, ಇನ್ನೇನಾಗುತ್ತೆ." ಅವಳ ಕೈಗಳು ಮೊಣಕೈಯವರೆಗೆ ಅಂಟಾಗಿದ್ದವು. ಅವನ ಮುಖ ನೋಡಿ ದನಿ ಮೆದುವಾಯಿತು. "ನೀನ್ಯಾಕೆ ಹಾಗೆ ನಿಂತಿದ್ದೀಯ? ಮೋಡ ಏನು ನಿನ್ನ ಕೊಟ್ಟಿಗೆದಾ, ಹೇಳಿದ ಕಡೆ ಬರೋಕೆ? ನಿಂಗೆ ಕಂಡಿದ್ದನ್ನ ನೀನು ಹೇಳಿದೆ. ಬಂದಿದ್ರೆ ನಾನೇ ನಿನ್ನ ಕೈಗೆ ಮುತ್ತಿಡ್ತಿದ್ದೆ."

ನಬ್ಹಾನನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬೈದಿದ್ದರೆ ಚೆನ್ನಾಗಿತ್ತು. "ಗನಿಯಾ, ನಂಗೆ ನಿನ್ನೆ..." ಎಂದು ಶುರು ಮಾಡಿದ. ಅಷ್ಟರಲ್ಲಿ ಬೇಲಿಯ ಹೊರಗೆ ಗಾಡಿ ನಿಂತ ಸದ್ದು ಕೇಳಿತು. ಮಸ್ಕತ್‌ನಲ್ಲಿ ಇರುವ ಸುವೈದ್ ಬೆಳೆ ನೋಡಲು ಬಂದಿದ್ದ.

ಸುವೈದ್ ಕೆಟ್ಟವನಲ್ಲ. ಬಂದವನು ಮಕ್ಕಳ ತಲೆ ಸವರಿದ, ನಬ್ಹಾನನ ಕ್ಷೇಮ ವಿಚಾರಿಸಿದ, ಅವನ ಮನೆಯವರೆಲ್ಲರ ಕ್ಷೇಮವನ್ನೂ ಒಬ್ಬೊಬ್ಬರಾಗಿ ಕೇಳಿದ. ಆಮೇಲೆ ರಾಶಿಯ ಬಳಿ ಕುಕ್ಕರಗಾಲಲ್ಲಿ ಕೂತು ಒಂದು ಖರ್ಜೂರ ಎತ್ತಿ ಬಿಡಿಸಿ ಮೂಸಿ, ಹಾಗೇ ಕೆಳಗಿಟ್ಟ. ಎದ್ದು ಅಂಗಳದ ನೆರಳಿನ ಚಾಪೆಗೆ ಬಂದು ಕೂತ. ಗನಿಯಾ ಕೈ ತೊಳೆದು ಕಾಫಿ ತಂದಳು.

"ಹಿಲಾಲನಮ್ಮ," ಎಂದ ಸುವೈದ್, ಅವಳ ಹಿರಿಯ ಮಗನ ಹೆಸರಿನಿಂದ ಕರೆದು, "ಅದನ್ನ ಇನ್ನು ದನಕ್ಕೆ ಹಾಕಬೇಕು ಅಷ್ಟೇ. ಹಸಿ ಖರ್ಜೂರ ಚೀಲಕ್ಕೆ ತುಂಬೋರುಂಟಾ? ಯಾರು ಹೇಳಿದ್ರು ನಿಂಗೆ?"

ಗನಿಯಾ ನಬ್ಹಾನನ ಕಡೆ ತಿರುಗಲಿಲ್ಲ.

"ಯಾರೂ ಹೇಳ್ಲಿಲ್ಲ. ಮೋಡ ನೋಡಿ ನಾನೇ ಹೆದರಿಬಿಟ್ಟೆ."

ತನ್ನ ಹೆಸರು ಸುವೈದನ ಬಾಯಿಗೆ ಬೀಳದಿರಲೆಂದು ಅವಳು ಹಾಗೆ ಹೇಳಿದಳೆಂದು ನಬ್ಹಾನನಿಗೆ ಅರ್ಥವಾಯಿತು. ಅರ್ಥವಾಗಿ, ನಾಚಿಕೆಗಿಂತ ಮೊದಲು ಅವನಿಗೆ ಹಾಯೆನಿಸಿತು. ಆ ಹಾಯೆನಿಸಿದ್ದಕ್ಕೆ ಆಮೇಲೆ ನಾಚಿಕೆಯಾಯಿತು.

"ನೋಡು, ದೇವರು ಮಳೆ ಕೊಟ್ಟು ಹಾಳಾಗಿದ್ರೆ ನಾನು ಒಂದು ಮಾತೂ ಆಡ್ತಿರ್ಲಿಲ್ಲ," ಎಂದ ಸುವೈದ್. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ತಿಳಿದೋರು ಯಾರಾದ್ರೂ ಹೇಳಿ ನೀನು ಕೇಳಿದ್ರೂ ಒಪ್ತಿದ್ದೆ. ಯಾರಾದ್ರೂ ಹಾಗೇ ಮಾಡ್ತಿದ್ರು. ಇನ್ನೊಂದು ಬೇಸಿಗೆ ನೋಡು ಅಂತಿದ್ದೆ. ಆದ್ರೆ ಧೂಳು ಕಂಡು ಹೆದರೋರ ಕೈಗೆ ಮಕ್ಕಳ ಆಸ್ತಿ ಹೇಗೆ ಬಿಡ್ಲಿ?"

ಗನಿಯಾ ಕಾಫಿಯ ಹೂಜಿಯನ್ನು ಎಡಗೈಯಿಂದ ಎತ್ತಿದಳು, ಬಗ್ಗಿಸಲಿಲ್ಲ, ಹಾಗೇ ಹಿಡಿದು ಕೂತಳು. ಅವಳು ಕಾಯುತ್ತಿದ್ದಳು. ಒಮ್ಮೆ ಯಾರೂ ಹೇಳಲಿಲ್ಲ ಅಂದ ಮೇಲೆ ಅವಳು ಬಾಯಿ ಬಿಡುವ ಹಾಗಿರಲಿಲ್ಲ, ಬಿಡಬೇಕಾದವನು ಅವನೇ. ನಬ್ಹಾನ್ ನಾಲಗೆಯ ತುದಿಗೆ ಮಾತು ತಂದುಕೊಂಡ. ನಾನು ಹೇಳಿದ್ದು. ಎರಡೇ ಶಬ್ದ. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ: ಅಷ್ಟು ತಿಳಿದವನಿಗೆ ಕಡಲ ಗಾಳಿ ಕಾಣಲಿಲ್ಲವೇ? ಆ ಪ್ರಶ್ನೆಗೆ ಅವನ ಬಳಿ ಉತ್ತರವಿರಲಿಲ್ಲ, ನಿಜದ ಹೊರತು.

"ಊರಲ್ಲೇ ನೀನಿದ್ದೀಯಲ್ಲ," ಎಂದು ಸುವೈದ್ ಅವನ ಕಡೆ ತಿರುಗಿದ. "ನಿನ್ನನ್ನಾದ್ರೂ ಒಂದು ಮಾತು ಕೇಳಿದ್ಲಾ?"

"ಕೇಳಿದ್ರೆ ಹೇಳ್ತಿದ್ದೆ," ಎಂದ ನಬ್ಹಾನ್.

ಮಾತು ಅವನ ಬಾಯಿಂದಲೇ ಬಂದಿತ್ತು. ಅದನ್ನು ಕೇಳಿ ಅವನೇ ಬೆಚ್ಚಿದ. ಗನಿಯಾ ತಲೆ ಎತ್ತಿ ಅವನನ್ನು ಒಮ್ಮೆ ನೋಡಿದಳು, ಅಷ್ಟೇ.

"ಕೇಳಿಸ್ತಾ?" ಎಂದ ಸುವೈದ್ ಮೆಲ್ಲಗೆ. "ಸರಿ. ನನ್ನ ರಜೆ ಮುಗಿಯೋದರೊಳಗೆ ಮರ ತೆಗೆಸ್ತೀನಿ. ಬೇಸರ ಮಾಡ್ಕೋಬೇಡ. ಬಾಡಿಗೆ ನಿನ್ನ ಮಕ್ಕಳಿಗೇ ಬರುತ್ತೆ."

"ನಿಮ್ಮಿಷ್ಟ," ಎಂದಳು ಗನಿಯಾ.

ಅವಳು ಸುವೈದನ ಬಟ್ಟಲಿಗೆ ಕಾಫಿ ಬಗ್ಗಿಸಿದಳು. ತಳ ಮುಚ್ಚುವಷ್ಟು, ಒಂದು ಗುಟುಕು. ಕುಳಿತಿರಲಿ ಎಂದು ಬಯಸುವ ಅತಿಥಿಗೆ ಹಾಕುವುದೇ ಅಷ್ಟು, ಮುಗಿದಂತೆ ಮತ್ತೆ ಮತ್ತೆ; ತುಂಬಿದ ಬಟ್ಟಲು, ಕುಡಿದು ಎದ್ದು ಹೋಗಲಿ ಎನ್ನುವವನಿಗೆ. ಆಮೇಲೆ ನಬ್ಹಾನನ ಮುಂದೆ ಬಂದಳು. ಅವನು ಬಟ್ಟಲು ಚಾಚಿದ. ಅವಳು ಹಾಕಿದಳು, ತಳ ಮುಚ್ಚಿತು, ಅರ್ಧವಾಯಿತು. ಅವಳ ಕೈ ನಿಲ್ಲಲಿಲ್ಲ. ಬಟ್ಟಲು ಅಂಚಿನವರೆಗೆ ತುಂಬಿ, ಕಾಫಿ ಅವನ ಹೆಬ್ಬೆರಳಿಗೆ ತಾಗಿತು.

ಸುವೈದ್ ತೋಟದ ಕಡೆ ನೋಡುತ್ತಿದ್ದ, ಇದನ್ನು ಕಾಣಲಿಲ್ಲ. ಗನಿಯಾ ಹೂಜಿ ಹಿಡಿದುಕೊಂಡು ಅಲ್ಲೇ ನಿಂತಳು. ನಬ್ಹಾನ್ ಸುಡುವ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಚೆಲ್ಲದ ಹಾಗೆ, ಬಾಯಿಯ ಹತ್ತಿರ ತರುತ್ತಿದ್ದ.